ಅತ್ತೆಯ ಮಜ್ಜಿಗೆ, ಸೊಸೆಯ ದೀಪ

ಅಮೆರಿಕದ ಮಿನ್ನೆಸೋಟದಲ್ಲಿ ಕನ್ನಡದ ಮನೆಯೊಂದನ್ನು ಊಹಿಸಿಕೊಳ್ಳಿ. ಹೊರಗೆ ಮೊಣಕಾಲುದ್ದ ಹಿಮ. ಒಳಗೆ ಕಿಟಕಿಯ ಬಳಿ ಕುಂಡದಲ್ಲೊಂದು ಕರಿಬೇವು. ಹಾಸನದಿಂದ ಬಂದ ಅತ್ತೆ ಬೆಳಗ್ಗೆ ಎದ್ದವರೇ ಹುಳಿ ಮಜ್ಜಿಗೆಗೆ ನೀರು ಬೆರೆಸಿ ಬುಡಕ್ಕೆ ಹುಯ್ಯುತ್ತಾರೆ. ಅಮೆರಿಕನ್ ಸೊಸೆ ಮೂಗು ಮುಚ್ಚಿಕೊಂಡು, ಮಣ್ಣಿಗೆ ಬೆರಳು ಚುಚ್ಚಿ ತೇವ ನೋಡಿ, ಇವತ್ತು ನೀರು ಬೇಡವೆಂದು ಮೊಬೈಲಿನಲ್ಲಿ ಗುರುತು ಹಾಕುತ್ತಾಳೆ. ಮಗರಾಯ ಇಬ್ಬರಿಗೂ ತಲೆಯಾಡಿಸುತ್ತಾನೆ. ಗಿಡಕ್ಕಿಂತ ಹೆಚ್ಚು ಅಪಾಯದಲ್ಲಿರುವವನು ಅವನೇ!

ಡಿಸೆಂಬರಿನಲ್ಲಿ ಎಲೆ ಉದುರತೊಡಗಿತು. ಅತ್ತೆ ದೃಷ್ಟಿ ತೆಗೆದರು, ಸೊಸೆ ಎಲ್‌ಇಡಿ ದೀಪ ತಂದಳು. ಕರಿಬೇವು ಬೆಚ್ಚನೆಯ ನಾಡಿನ ಗಿಡ. ಚಳಿ ಹೆಚ್ಚಿ ಬಿಸಿಲು ಕಡಿಮೆಯಾದರೆ ಎಲೆ ಉದುರಿಸಿ ಮಲಗಿಬಿಡುತ್ತದೆ. ಆಗ ನೀರು ಅತಿಯಾದರೆ ಬೇರು ಕೊಳೆಯುತ್ತದೆ. ಹಾಗಾಗಿ ಚಳಿಗಾಲದ ಮಟ್ಟಿಗೆ ನನ್ನ ಮತ ಸೊಸೆಗೆ. ಆದರೆ ಮುಸ್ಸಂಜೆಯ ಮೇಲೆ ಗಿಡ ಮುಟ್ಟಬಾರದೆಂಬ ಅತ್ತೆಯ ಕಾನೂನನ್ನು ಅವಳೂ ಒಪ್ಪಿದ್ದಾಳೆ. ದೀಪದ ಟೈಮರನ್ನು ಅದಕ್ಕೇ ಹೊಂದಿಸಿದ್ದಾಳೆ.

ಇಷ್ಟೊಂದು ಉಪಚಾರಕ್ಕೆ ಕಾರಣವಿದೆ: ಈ ಗಿಡ ಸತ್ತರೆ ಇನ್ನೊಂದನ್ನು ತರುವುದು ಸುಲಭವಲ್ಲ. ಕಿತ್ತಳೆ, ನಿಂಬೆ ತೋಟಗಳನ್ನು ಹಾಳುಮಾಡುವ ಗ್ರೀನಿಂಗ್ ರೋಗವನ್ನು ಹರಡುವ ಪುಟ್ಟ ಕೀಟಕ್ಕೆ ಕರಿಬೇವೆಂದರೆ ಪ್ರಾಣ. 2005ರಲ್ಲಿ ಆ ರೋಗ ಫ್ಲಾರಿಡಾದಲ್ಲಿ ಕಾಣಿಸಿಕೊಂಡಿತು. ಈಗ ಅಮೆರಿಕದಲ್ಲಿ ಕರಿಬೇವಿನ ಗಿಡಗಳ ಸಾಗಾಟಕ್ಕೆ ಕಟ್ಟುನಿಟ್ಟಿನ ನಿರ್ಬಂಧವಿದೆ. ಮಕ್ಕಳ ಮನೆಗೆ ಹೊರಟ ತಾಯಂದಿರೇ, ಪೆಟ್ಟಿಗೆಯಲ್ಲಿ ಚಟ್ನಿಪುಡಿ ಇರಲಿ, ಕರಿಬೇವಿನ ಸಸಿ ಮಾತ್ರ ಬೇಡ.