ಸಂಬಳದ ಚೀಟಿಯ ಇನ್ನೂರು ರೂಪಾಯಿ

(ಮಹಿಳಾ ವಿಭಾಗದ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹ ರೂಪ)



ಹೂಡಿಕೆಯ ಬಗ್ಗೆ ಮಾತಾಡು ಎಂದು ನನ್ನನ್ನು ಕರೆದಿದ್ದರು. ನನಗೆ ಶೇರು ಮಾರುಕಟ್ಟೆ ಗೊತ್ತಿಲ್ಲ. ಆದ್ದರಿಂದ ನನಗೆ ಗೊತ್ತಿರುವ ಒಂದು ಸಣ್ಣ ವಿಷಯ ಹೇಳುತ್ತೇನೆ. ನಿಮ್ಮ ಸ್ಯಾಲರಿ ಸ್ಲಿಪ್‌ನಲ್ಲಿ ಪಿ.ಎಫ್. ಸಾಲಿನ ಕೆಳಗೆ ‘ಪಿ.ಟಿ.’ ಎಂದು ಇನ್ನೊಂದು ಸಾಲು ಇರುತ್ತದೆ. ಅದು ಪ್ರೊಫೆಷನಲ್ ಟ್ಯಾಕ್ಸ್, ಅಂದರೆ ವೃತ್ತಿ ತೆರಿಗೆ. ತಿಂಗಳಿಗೆ 200 ರೂಪಾಯಿ. ಆ ಹಣ ಯಾರಿಗೆ ಹೋಗುತ್ತದೆ ಎಂದು ಇಲ್ಲಿ ಎಷ್ಟು ಮಂದಿ ನೋಡಿದ್ದೀರಿ? ಕಳೆದ ವರ್ಷದವರೆಗೆ ನಾನೂ ನೋಡಿರಲಿಲ್ಲ.

ಕಣ್ಣು ತೆರೆಸಿದವರು ನಮ್ಮ ಕಟ್ಟಡದ ಒಬ್ಬ ಅಕ್ಕ. ಹೆಸರು ಹೇಳುವುದಿಲ್ಲ, ಅವರೂ ಇಲ್ಲೇ ಕುಳಿತಿದ್ದಾರೆ! 2025ರ ಏಪ್ರಿಲ್‌ನಲ್ಲಿ ಮಗಳ ಕಾಲೇಜಿಗೆ ಆದಾಯದ ದಾಖಲೆ ಕೊಡಬೇಕಾಗಿತ್ತು. ಸ್ಲಿಪ್‌ಗಳನ್ನು ಹಿಡಿದುಕೊಂಡು ಬಂದು, “ನೋಡಮ್ಮ, ಇದನ್ನು ಪಿ.ಡಿ.ಎಫ್. ಮಾಡಿಕೊಡು” ಎಂದರು. ಅವರು ಬೊರಿವಲಿ ಪೂರ್ವದ ಇಂಡಸ್ಟ್ರಿಯಲ್ ಎಸ್ಟೇಟ್ ಒಂದರಲ್ಲಿ, ಒಂದು ಕಂಪನಿಯ ಪುಟ್ಟ ಶಾಖೆಯಲ್ಲಿ ಬಿಲ್ಲಿಂಗ್ ಕೆಲಸ ಮಾಡುತ್ತಾರೆ. ಕಂಪನಿಯ ಮುಖ್ಯ ಕಚೇರಿ ಇರುವುದು ಗುಜರಾತಿನ ಒಂದು ನಗರದಲ್ಲಿ. ಸಂಬಳ 22,000. ಕೆಲಸಕ್ಕೆ ಸೇರಿದ 2023ರ ಜೂನ್‌ನಿಂದ ಪ್ರತಿ ತಿಂಗಳೂ ಪಿ.ಟಿ. 200 ಕಡಿತವಾಗಿತ್ತು.

ನನಗೆ ಅನುಮಾನ ಬಂತು. ಏಕೆಂದರೆ ಮಹಾರಾಷ್ಟ್ರದಲ್ಲಿ 2023ರ ಏಪ್ರಿಲ್ 1ರಿಂದ ತಿಂಗಳಿಗೆ 25,000 ರೂಪಾಯಿವರೆಗೆ ಸಂಬಳ ಇರುವ ಹೆಂಗಸರಿಗೆ ವೃತ್ತಿ ತೆರಿಗೆಯೇ ಇಲ್ಲ. ಮೊದಲು ಈ ಮಿತಿ 10,000 ಇತ್ತು. ಗಂಡಸರಿಗಾದರೆ 10,000 ದಾಟಿದ ಕೂಡಲೇ ತಿಂಗಳಿಗೆ 200, ಫೆಬ್ರವರಿಯಲ್ಲಿ 300, ವರ್ಷಕ್ಕೆ ಒಟ್ಟು 2,500. ಹಾಗಿರುವಾಗ ಅಕ್ಕನಿಂದ ಯಾರು, ಯಾವ ಲೆಕ್ಕದಲ್ಲಿ ಹಣ ತೆಗೆದರು?

ಉತ್ತರ ಸಿಕ್ಕಿದ್ದು ಗುಜರಾತಿನ ದರಪಟ್ಟಿಯಲ್ಲಿ. ಅಲ್ಲಿ ತಿಂಗಳಿಗೆ 12,000 ದಾಟಿದವರೆಲ್ಲ, ಹೆಣ್ಣು ಗಂಡು ಭೇದವಿಲ್ಲದೆ, 200 ಕೊಡಬೇಕು. ನಗರಗಳಲ್ಲಿ ಅದನ್ನು ವಸೂಲಿ ಮಾಡುವುದು ಅಲ್ಲಿಯ ಮಹಾನಗರಪಾಲಿಕೆ. ಅಂದರೆ ಬೊರಿವಲಿಯಲ್ಲಿ ಮನೆ, ಬೊರಿವಲಿಯಲ್ಲೇ ಕೆಲಸ, ಆದರೆ ಅಕ್ಕನ ತೆರಿಗೆ ಹೋಗುತ್ತಿದ್ದದ್ದು ಅವರು ಕಾಲೇ ಇಡದ ಊರಿನ ಪಾಲಿಕೆಗೆ. 22 ತಿಂಗಳು, 4,400 ರೂಪಾಯಿ.

ಹೀಗೆ ಏಕಾಗುತ್ತದೆ? ಆದಾಯ ತೆರಿಗೆ ದೇಶಕ್ಕೆಲ್ಲ ಒಂದೇ. ವೃತ್ತಿ ತೆರಿಗೆ ಹಾಗಲ್ಲ. ಸಂವಿಧಾನದ 276ನೇ ವಿಧಿ ಇದನ್ನು ರಾಜ್ಯಗಳಿಗೂ ಸ್ಥಳೀಯ ಸಂಸ್ಥೆಗಳಿಗೂ ಬಿಟ್ಟಿದೆ. ವರ್ಷಕ್ಕೆ 2,500 ಮೀರಬಾರದು ಎಂಬುದೊಂದೇ ಮಿತಿ. 1988ಕ್ಕೆ ಮೊದಲು ಅದು 250 ಇತ್ತು. ಕಾಸರಗೋಡಿನ ಕಡೆ ನೆಂಟರಿರುವವರಿಗೆ ಗೊತ್ತಿರಬಹುದು, ಕೇರಳದಲ್ಲಿ ಆರು ತಿಂಗಳಿಗೊಮ್ಮೆ ಪಂಚಾಯತಿಯೋ ನಗರಸಭೆಯೋ ಇದನ್ನು ತೆಗೆದುಕೊಳ್ಳುತ್ತದೆ. ದೆಹಲಿಯಲ್ಲಿ ಈ ತೆರಿಗೆ ಇಲ್ಲವೇ ಇಲ್ಲ. ಆದ್ದರಿಂದ ನಾವು ಎಲ್ಲಿ ಕೆಲಸ ಮಾಡುತ್ತೇವೆ ಎಂಬುದೇ ಇಲ್ಲಿ ಮುಖ್ಯ. ಆದರೆ ಪೇರೋಲ್ ಸಾಫ್ಟ್‌ವೇರ್‌ನಲ್ಲಿ ‘ಕೆಲಸದ ಸ್ಥಳ’ ಎಂಬ ಖಾನೆಯನ್ನು ಯಾರೂ ಬದಲಿಸದಿದ್ದರೆ ಎಲ್ಲರೂ ಮುಖ್ಯ ಕಚೇರಿಯ ಲೆಕ್ಕಕ್ಕೇ ಬೀಳುತ್ತಾರೆ. ನನ್ನದು ಸಾಫ್ಟ್‌ವೇರ್ ಉದ್ಯೋಗ. ಇಂಥ ಖಾನೆಗಳನ್ನು ನಾವೇ ಮಾಡಿಕೊಡುತ್ತೇವೆ, ಅವುಗಳಿಂದ ಯಾರ ಮನೆಯಲ್ಲಿ ಏನಾಗುತ್ತದೆ ಎಂದು ನೋಡಲು ಹೋಗುವುದಿಲ್ಲ.

ಅಕ್ಕ ಫೋನ್ ಮಾಡಿ ಕೇಳಿದಾಗ ಅಕೌಂಟೆಂಟ್ ನಕ್ಕರಂತೆ. “ದೀದಿ, ಇನ್ನೂರು ರೂಪಾಯಿಗೆ ಇಷ್ಟು ಗಲಾಟೆಯೇ?” ಅಕ್ಕ ಹೆದರಿದರು. “ಬೇಡಮ್ಮ, ಕೆಲಸ ಹೋದರೆ?” ಎಂದರು. ಆ ಹೆದರಿಕೆ ಸುಳ್ಳಲ್ಲ. ಮನೆ ನಡೆಯುವುದೇ ಆ ಸಂಬಳದಲ್ಲಿ. ಆದರೆ ವರ್ಷಕ್ಕೆ 2,400 ಎಂದರೆ ಆ ಮನೆಗೆ ಎರಡು ಗ್ಯಾಸ್ ಸಿಲಿಂಡರಿಗಿಂತ ಹೆಚ್ಚು. ಆದ್ದರಿಂದ ದೂರು ಕೊಡುವುದು ಬೇಡ, ಪ್ರಶ್ನೆ ಕೇಳೋಣ ಎಂದು ತೀರ್ಮಾನಿಸಿದೆವು.

ಇಮೇಲ್‌ನಲ್ಲಿ ಮೂರೇ ಮಾತು ಬರೆದೆವು. ಒಂದು, ನನ್ನ ವೃತ್ತಿ ತೆರಿಗೆಯನ್ನು ಯಾವ ನೋಂದಣಿಯಡಿ, ಎಲ್ಲಿ ಕಟ್ಟಿದ್ದೀರಿ? ಎರಡು, ನಾನು ಕೆಲಸ ಮಾಡುವುದು ಬೊರಿವಲಿ ಶಾಖೆಯಲ್ಲಿ, ಆದ್ದರಿಂದ ಮುಂದಿನ ತಿಂಗಳಿನಿಂದ ಮಹಾರಾಷ್ಟ್ರದ ದರವನ್ನು ಅನ್ವಯಿಸಿ. ಮೂರು, ಈವರೆಗೆ ಕಡಿತ ಮಾಡಿದ್ದನ್ನು ಮರಳಿಸಿ. ಜೊತೆಗೆ ಬೊರಿವಲಿಯ ವಿಳಾಸವಿರುವ ನೇಮಕಾತಿ ಪತ್ರ, 22 ಸ್ಲಿಪ್‌ಗಳು, ತಿಂಗಳುವಾರು ಪಟ್ಟಿ, ಮಹಾರಾಷ್ಟ್ರದ ದರಪಟ್ಟಿ ಇಟ್ಟೆವು.

ಮೊದಲು ಬಂದ ಉತ್ತರ: “ಪಾಲಿಕೆಗೆ ಕಟ್ಟಿಯಾಗಿದೆ, ಅಲ್ಲಿಂದಲೇ ಕೇಳಿ.” ಇಲ್ಲೇ ಹೆಚ್ಚಿನವರು ಕೈಬಿಡುತ್ತಾರೆ. ಆದರೆ ಪಾಲಿಕೆಯ ಪುಸ್ತಕದಲ್ಲಿ ಇರುವುದು ಕಂಪನಿಯ ಹೆಸರು, ಚಲನ್ ಕಟ್ಟಿದ್ದು ಕಂಪನಿ, ರಿಟರ್ನ್ ಸಲ್ಲಿಸಿದ್ದೂ ಕಂಪನಿ. ಹೆಚ್ಚಾಗಿ ಕಟ್ಟಿದ್ದನ್ನು ಅಲ್ಲಿಂದ ಹಿಂದಕ್ಕೆ ಪಡೆಯುವುದು ಅವರ ಕೆಲಸ. ನಮ್ಮ ಹಣ ತೆಗೆದವರು ಕಂಪನಿಯವರು, ಆದ್ದರಿಂದ ನಾವು ಕೇಳಬೇಕಾದ್ದೂ ಅವರನ್ನೇ. ಕಾನೂನು ಅನುಮತಿಸಿದ ಕಡಿತ ಬಿಟ್ಟು ಬೇರೇನನ್ನೂ ಸಂಬಳದಿಂದ ತೆಗೆಯಬಾರದು ಎಂಬುದು 1936ರ ವೇತನ ಪಾವತಿ ಕಾಯ್ದೆಯ ಕಾಲದಿಂದ ಇರುವ ನಿಯಮ. ಇದನ್ನೇ ವಿನಯದಿಂದ ಮತ್ತೆ ಬರೆದೆವು. ಎರಡು ಸಲ ನೆನಪಿಸಿದೆವು.

ಜುಲೈ ಸಂಬಳದಲ್ಲಿ 4,400 ಬಂತು, ಏಪ್ರಿಲ್ ನಂತರ ಕಡಿತವಾಗಿದ್ದೂ ಅದರ ಜೊತೆಗೆ ಬಂತು. ಅದೇ ಶಾಖೆಯ ಇನ್ನೂ ಮೂವರು ಹೆಂಗಸರಿಗೂ ಅವರವರ ಹಣ ಸಿಕ್ಕಿತು. ಅಕ್ಕನ ಕೆಲಸ ಹೋಗಲಿಲ್ಲ. ಆದರೆ ಇಬ್ಬರು ಗಂಡಸು ಸಹೋದ್ಯೋಗಿಗಳು ಸ್ವಲ್ಪ ದಿನ ಮುಖ ಊದಿಸಿಕೊಂಡಿದ್ದರು. ಅವರು ಇನ್ನು ಮಹಾರಾಷ್ಟ್ರಕ್ಕೆ ಕಟ್ಟಬೇಕು, ಫೆಬ್ರವರಿಯಲ್ಲಿ 100 ರೂಪಾಯಿ ಹೆಚ್ಚು!

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ರಾತ್ರಿ ನನ್ನ ಸ್ಲಿಪ್ ತೆರೆದು ನೋಡಿದೆ. ನನ್ನ ಕಂಪನಿಯ ಮುಖ್ಯ ಕಚೇರಿ ಬೆಂಗಳೂರಿನಲ್ಲಿದೆ. ನಾನು 2021ರಿಂದ ಮಲಾಡ್ ಕಚೇರಿಯಲ್ಲಿದ್ದೇನೆ. ನನ್ನ ಪಿ.ಟಿ. ಕರ್ನಾಟಕಕ್ಕೇ ಹೋಗುತ್ತಿತ್ತು. ನನ್ನ ಸಂಬಳಕ್ಕೆ ಎರಡೂ ಕಡೆ ತೆರಿಗೆ ಇದೆ, ಹಾಗಾಗಿ ನನಗೆ ನಷ್ಟವೇನಿಲ್ಲ. ಕರ್ನಾಟಕದಲ್ಲಿ 2025ರ ಮಾರ್ಚ್‌ವರೆಗೆ ವರ್ಷಕ್ಕೆ 2,400, ಇಲ್ಲಿ 2,500. ಅಲ್ಲಿಯವರೆಗೆ ನನಗೇ ಲಾಭವಾಗಿತ್ತು. ಕನ್ನಡತಿಯ ತೆರಿಗೆ ಕನ್ನಡನಾಡಿಗೆ ಹೋದರೆ ಒಳ್ಳೆಯದೇ ಅಲ್ಲವೇ ಎಂದೂ ಮನಸ್ಸು ಹೇಳಿತು.

ಆಗ ಮಹಾರಾಷ್ಟ್ರದ ಈ ತೆರಿಗೆ ಹುಟ್ಟಿದ್ದು ಹೇಗೆ ಎಂದು ಓದಿದೆ. 1972ರ ಭೀಕರ ಬರದ ಹೊತ್ತಿಗೆ ವಿ. ಎಸ್. ಪಾಗೆ ಅವರ ಚಿಂತನೆಯಿಂದ ಇಲ್ಲಿ ರೋಜ್‌ಗಾರ್ ಹಮಿ ಯೋಜನೆ ಬೆಳೆಯಿತು. ಕೆಲಸ ಕೇಳಿದ ಹಳ್ಳಿಯವರಿಗೆ ಸರ್ಕಾರ ಕೆಲಸ ಕೊಡಲೇಬೇಕು ಎಂಬ ಯೋಜನೆ ಅದು. ಅದಕ್ಕೆ ಹಣ ಬೇಕೆಂದು 1975ರಲ್ಲಿ ವೃತ್ತಿ ತೆರಿಗೆಯ ಕಾಯ್ದೆ ಬಂತು. ನಗರದಲ್ಲಿ ಸಂಬಳ ಪಡೆಯುವವರು ಕೊಟ್ಟರೆ, ಬರದ ಊರಿನಲ್ಲಿ ಮಣ್ಣು ಹೊರುವವರಿಗೆ ಕೂಲಿ. ಹಾಗೆ ಕೆಲಸಕ್ಕೆ ಬಂದವರಲ್ಲಿ ಹೆಂಗಸರು ಬಹಳ ಮಂದಿ ಇದ್ದರು. ಇಡೀ ದೇಶಕ್ಕೆ 2005ರಲ್ಲಿ ಬಂದ ಉದ್ಯೋಗ ಖಾತರಿ ಕಾಯ್ದೆಗೂ ಇದೇ ಮಾದರಿ.

ಅನ್ನ ಕೊಟ್ಟದ್ದು ಈ ಊರು. ಬರಬೇಕಾದ್ದನ್ನು ಕೇಳಲು ಅಕ್ಕನಿಗೆ ಹೇಳಿಕೊಟ್ಟ ನಾನು, ಕೊಡಬೇಕಾದ್ದನ್ನು ಕೊಡದಿದ್ದರೆ ಹೇಗೆ? ಮರುದಿನವೇ ನಮ್ಮ ಎಚ್.ಆರ್.ಗೆ ಬರೆದೆ. ಈಗ ನನ್ನ ಸ್ಲಿಪ್ ಮಹಾರಾಷ್ಟ್ರದ ಲೆಕ್ಕದಲ್ಲಿದೆ. 2025ರ ಏಪ್ರಿಲ್‌ನಿಂದ ಕರ್ನಾಟಕವೂ ಫೆಬ್ರವರಿಗೆ 300 ಮಾಡಿರುವುದರಿಂದ, ಆ 100 ರೂಪಾಯಿಯ ಆಸೆಗೂ ಈಗ ಜಾಗವಿಲ್ಲ!

ಇವತ್ತು ಮನೆಗೆ ಹೋಗಿ ನಿಮ್ಮ ಸ್ಲಿಪ್, ಸೊಸೆಯ ಸ್ಲಿಪ್, ಮಗನ ಸ್ಲಿಪ್ ಒಮ್ಮೆ ನೋಡಿ. ಪಿ.ಟಿ. ಎಷ್ಟಿದೆ, ಯಾವ ರಾಜ್ಯಕ್ಕೆ ಹೋಗಿದೆ, ನಿಮ್ಮ ಸಂಬಳಕ್ಕೆ ಇಲ್ಲಿ ತೆರಿಗೆ ಇದೆಯೇ ಎಂದು ಕೇಳಿ. ಸ್ಲಿಪ್‌ಗಳನ್ನು ಪ್ರತಿ ತಿಂಗಳೂ ಉಳಿಸಿಕೊಳ್ಳಿ, ಕೆಲಸ ಬಿಟ್ಟ ಮೇಲೆ ಅವು ಸಿಗುವುದು ಕಷ್ಟ. ತಡಮಾಡಬೇಡಿ, ಹಳೆಯದಾದಷ್ಟೂ ಹಣ ಹಿಂದಕ್ಕೆ ಬರುವುದು ಕಷ್ಟ. ಕೇಳುವುದನ್ನು ಬರವಣಿಗೆಯಲ್ಲೇ ಕೇಳಿ. ಇಮೇಲ್ ಬರೆಯಲು ಬಾರದಿದ್ದರೆ, ಭಾನುವಾರ ಸಂಜೆ ಸಂಘದಲ್ಲಿ ನಾನು ಸಿಗುತ್ತೇನೆ. ಅಕ್ಕನೂ ಬರುತ್ತಾರಂತೆ, ಈಗ ಅವರಿಗೆ ನನಗಿಂತ ಚೆನ್ನಾಗಿ ಬರೆಯಲು ಬರುತ್ತದೆ.