ತಂದೆಯ ನೆನಪಿಗೆ ಎರಡು ದೇಗುಲಗಳು



ಇಂಗ್ಲೆಂಡಿನ ಹಳ್ಳಿಗಳ ಹಳೆಯ ಚರ್ಚುಗಳ ವಿಷಯದಲ್ಲಿ ಮಧ್ಯಯುಗದಿಂದ ಬಂದ ಒಂದು ಕಟ್ಟಳೆಯಿತ್ತು. ಪೂಜಾವೇದಿಕೆಯಿರುವ ಪೂರ್ವಭಾಗದ ದುರಸ್ತಿ, ಚರ್ಚಿನ ಆದಾಯವನ್ನು ಪಡೆಯುತ್ತಿದ್ದ ಪಾದ್ರಿಯ ಹೊಣೆಯಾಗಿತ್ತು. ಜನ ಕೂಡುವ ದೊಡ್ಡ ಅಂಕಣದ ದುರಸ್ತಿ ಊರವರ ಹೊಣೆಯಾಗಿತ್ತು. ಊರವರು ತಮ್ಮ ಭಾಗವನ್ನು ತಲೆಮಾರಿನಿಂದ ತಲೆಮಾರಿಗೆ ಎತ್ತರಿಸುತ್ತ, ಅಗಲಿಸುತ್ತ ಬಂದುದರಿಂದ ಅಲ್ಲಿ ಒಂದೊಂದು ಚರ್ಚೂ ಆಯಾ ಊರಿನ ಚರಿತ್ರೆಯಾಗಿ ನಿಂತಿದೆ. ನಮ್ಮ ದೇವಾಲಯಗಳ ವಾಸ್ತುವನ್ನು ವಿವರಿಸುವಾಗ ನಾವು ಕಟ್ಟಿಸಿದ ಅರಸನ ಹೆಸರನ್ನೂ ಶೈಲಿಯ ಹೆಸರನ್ನೂ ಹೇಳಿ ಕೈತೊಳೆದುಕೊಳ್ಳುತ್ತೇವೆ. ಉಳಿಸಿಕೊಂಡವರ ಮಾತು ಬರುವುದೇ ಅಪರೂಪ. ಗುಂಡ್ಲುಪೇಟೆ ಮತ್ತು ಚಾಮರಾಜನಗರಗಳ ಎರಡು ದೇವಾಲಯಗಳನ್ನು ಜೊತೆಗಿಟ್ಟು ನೋಡಿದರೆ ಆ ಮಾತನ್ನು ಆಡದೆ ವಿಧಿಯಿಲ್ಲ.

ಎರಡೂ ಮೈಸೂರಿನ ಅರಸರು ಕಟ್ಟಿಸಿದವು. ಎರಡೂ ಮಗನು ತಂದೆಯ ನೆನಪಿಗೆ ಕಟ್ಟಿಸಿದವು.

ಮೊದಲನೆಯದು ಗುಂಡ್ಲುಪೇಟೆಯ ಪರವಾಸುದೇವ ದೇವಾಲಯ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಪಟ್ಟಕ್ಕೆ ಬರುವ ಮುನ್ನ ಸಮೀಪದ ಹಂಗಳದಲ್ಲಿ ನಿರ್ಬಂಧದ ದಿನಗಳನ್ನು ಕಳೆದವರು. ಅವರ ತಂದೆ ದೊಡ್ಡದೇವರಾಜರು ತೀರಿಕೊಂಡದ್ದು ಗುಂಡ್ಲುಪೇಟೆಯಲ್ಲಿ. ಆ ನೆನಪಿಗೆ ಮಗನು ಕೌಂಡಿನ್ಯ ನದಿಯ ಬಳಿ ವಿಷ್ಣುವಿಗೊಂದು ದೇಗುಲವನ್ನು ಕಟ್ಟಿಸಿ, ಅಗ್ರಹಾರವನ್ನೂ ಏರ್ಪಡಿಸಿದನು. ವಿಜಯಪುರವೆಂದಿದ್ದ ಊರು ಆತನ ಕಾಲದಲ್ಲಿ ಪೇಟೆಯಾಗಿ ಬೆಳೆಯಿತು. ಗಟ್ಟಿಯಾದ ಕಲ್ಲಿನ ಕೆಲಸ, ಕಂಬಗಳ ಮಂಟಪ. ಅರಸನ ಭಕ್ತಿಗಾಗಲಿ ಬೊಕ್ಕಸಕ್ಕಾಗಲಿ ಕೊರತೆಯಿರಲಿಲ್ಲ. ಆದರೂ ಮುಂದೆ ಹಳೆಯ ಊರಿನಿಂದ ವಸತಿ ಸರಿದಂತೆ ಪೂಜೆ ನಿಂತಿತು; ಆರಾಧನೆ ಊರೊಳಗಿನ ವಿಜಯನಾರಾಯಣ ದೇವಾಲಯಕ್ಕೆ ಸಾಗಿತು. ದೇಗುಲ ಬಹುಕಾಲ ಪಾಳುಬಿದ್ದಿತು. ಶತ್ರು ಬಂದು ಕೆಡವಿದ್ದಲ್ಲ. ದೀಪ ಹಚ್ಚುವ ಕೈ ದೂರವಾಯಿತು, ಅಷ್ಟೆ.

ಎರಡನೆಯದು ಚಾಮರಾಜನಗರದ ಚಾಮರಾಜೇಶ್ವರ. ಆ ಊರಿನ ಹಿಂದಿನ ಹೆಸರು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರ ತಂದೆ ಖಾಸಾ ಚಾಮರಾಜ ಒಡೆಯರು ಹುಟ್ಟಿದ್ದು ಅಲ್ಲಿ, ತೀರಿಕೊಂಡದ್ದು 1796ರಲ್ಲಿ. ಆಗ ಮಗನಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಮುಖದ ನೆನಪೂ ಇರದಿದ್ದ ತಂದೆಗಾಗಿ ಆ ಮಗನು 1818ರಲ್ಲಿ ಊರಿಗೆ ತಂದೆಯ ಹೆಸರಿಟ್ಟು, 1826ರ ಹೊತ್ತಿಗೆ ಈ ದೇವಾಲಯವನ್ನು ಕಟ್ಟಿಸಿದನು.

ಅದರ ವಿನ್ಯಾಸವನ್ನು ಓದುವುದು ಒಂದು ವಂಶಾವಳಿಯನ್ನು ಓದಿದಂತೆ. ಒಂದೇ ಸಾಲಿನಲ್ಲಿ ಮೂರು ಗರ್ಭಗುಡಿಗಳು. ನಡುವೆ ತಂದೆಯ ಹೆಸರಿನ ಲಿಂಗ. ಒಂದು ಪಕ್ಕದಲ್ಲಿ ತಾಯಿ ಕೆಂಪನಂಜಮ್ಮಣ್ಣಿಯವರ ಹೆಸರು ಹೊತ್ತ ಕೆಂಪನಂಜಾಂಬೆ. ಇನ್ನೊಂದು ಪಕ್ಕದಲ್ಲಿ ಮನೆದೇವತೆ ಚಾಮುಂಡೇಶ್ವರಿ. ಸುತ್ತಿನ ಪ್ರಾಕಾರದ ಕಿರುಗುಡಿಗಳಲ್ಲಿ ಅರಮನೆಯ ಬಂಧುಗಳ ಹೆಸರಿನ ಲಿಂಗಗಳು. ಜೊತೆಗೆ ಶೈವ ಪುರಾತನರ ಶಿಲಾಮೂರ್ತಿಗಳು. ಕಲ್ಲಿನ ಕೆತ್ತನೆಯ ಸೂಕ್ಷ್ಮತೆಯಲ್ಲಿ ಇದು ಹೊಯ್ಸಳರ ದೇಗುಲಗಳಿಗೆ ಸರಿಗಟ್ಟುವುದಿಲ್ಲ. ಇದರ ಹಿರಿಮೆ ವಿಶಾಲತೆಯಲ್ಲಿದೆ. ತನ್ನ ಮನೆಯವರನ್ನೆಲ್ಲ ಒಳಗೆ ಕೂರಿಸಿದ ಅರಸನು ಊರವರು ಸುತ್ತಿಬರುವುದಕ್ಕೂ ಧಾರಾಳವಾಗಿ ಜಾಗ ಬಿಟ್ಟನು.

ಅದಕ್ಕಿಂತ ಮುಖ್ಯವಾದದ್ದು ತೇರು. ಅಧಿಷ್ಠಾನ, ಪಾದ, ಪ್ರಸ್ತರ, ಗ್ರೀವ, ಶಿಖರ, ಸ್ತೂಪಿ ಎಂದು ಶಿಲ್ಪಶಾಸ್ತ್ರವು ವಿಮಾನಕ್ಕೆ ಆರು ಅಂಗಗಳನ್ನು ಹೇಳುತ್ತದೆ. ತೇರಿನ ರೂಪವೂ ಅದನ್ನೇ ಹೋಲುತ್ತದೆ. ಕಲ್ಲಿನ ಬದಲು ಮರದ ಪೀಠ, ಶಿಖರದ ಬದಲು ಬಣ್ಣದ ಬಟ್ಟೆಯ ಗೋಪುರ, ಕೆಳಗೆ ಚಕ್ರ. ಗರ್ಭಗುಡಿಯವರೆಗೆ ಬರಲಾರದವನ ಮನೆಬಾಗಿಲಿಗೆ ದೇಗುಲವೇ ಎದ್ದು ಬರುವ ಏರ್ಪಾಡು ಇದು. ಆದ್ದರಿಂದ ತೇರು ದೇವಾಲಯದ ಚಲಿಸುವ ಅರ್ಧ. ಅದು ತಿರುಗುವ ಬೀದಿಯೂ ವಾಸ್ತುವಿನ ಭಾಗವೇ.

ಚಾಮರಾಜೇಶ್ವರನ ತೇರು ಹರಿಯುವುದು ಆಷಾಢದಲ್ಲಿ. ನಮ್ಮ ಸೀಮೆಯಲ್ಲಿ ಹೊಸದಾಗಿ ಮದುವೆಯಾದ ಹೆಣ್ಣು ತವರಿಗೆ ಹೋಗುವ ತಿಂಗಳು ಅದು. ಆದರೆ ಇಲ್ಲಿ ನವದಂಪತಿಗಳು ಜೊತೆಗೂಡಿ ಬಂದು ತೇರಿಗೆ ಹಣ್ಣು ಜವನ ಎಸೆಯುತ್ತಾರೆ. ಮಗನೊಬ್ಬನು ತಂದೆಗಾಗಿ ಕಟ್ಟಿದ ಗುಡಿ ಸಾವಿರಾರು ಮನೆಗಳ ಹೊಸ ಬಾಳಿಗೆ ಸಾಕ್ಷಿಯಾಯಿತು. ಅರಮನೆಯ ಸ್ಮಾರಕ ಊರಿನ ಸ್ವತ್ತಾದದ್ದು ಹೀಗೆ.

2017ರಲ್ಲಿ ಕಿಡಿಗೇಡಿಯ ಕೃತ್ಯದಿಂದ ಆ ತೇರಿಗೆ ಬೆಂಕಿ ಬಿದ್ದಿತು. ಗೋಪುರಕ್ಕೆ ಏನೂ ಆಗಲಿಲ್ಲ, ಗರ್ಭಗುಡಿಗೆ ಏನೂ ಆಗಲಿಲ್ಲ, ನಿತ್ಯಪೂಜೆ ನಡೆಯಿತು. ಆದರೂ ಆಷಾಢ ಬಂದು ತೇರು ಹೊರಡದೆ ಹೋದಾಗ ದೇವಾಲಯ ಊನವಾಯಿತೆಂದು ಜನ ಮರುಗಿದರು. ಜನರ ಒತ್ತಾಯ ನಿಲ್ಲಲಿಲ್ಲ. 2022ರಲ್ಲಿ ಹೊಸ ತೇರು ಬೀದಿಗಿಳಿಯಿತು. ಕಟ್ಟಡದ ಕಳೆದುಹೋದ ಅರ್ಧವನ್ನು ಊರು ಕೇಳಿ ಪಡೆಯಿತು. ಗುಂಡ್ಲುಪೇಟೆಯ ಪರವಾಸುದೇವನ ಪರವಾಗಿ ಹಾಗೆ ಕೇಳುವವರು ಸುತ್ತಲೂ ಉಳಿದಿರಲಿಲ್ಲ.

ಇದರಿಂದ ಕಲಿಯಬೇಕಾದುದೇನು? ಹಳೆಯ ಕಟ್ಟಡ ಉಳಿಯುವುದು ಕಲ್ಲಿನ ಗಡಸಿನಿಂದ ಮಾತ್ರವೆಂದು ತಿಳಿಯಬಾರದು. ಚಾಮರಾಜನಗರ ತಾಲ್ಲೂಕಿನ ನರಸಮಂಗಲದಲ್ಲಿ ಗಂಗರ ಕಾಲದ ರಾಮೇಶ್ವರ ದೇವಾಲಯದ ವಿಮಾನದ ಮೇಲೆ ಗಾರೆಯ ಮೂರ್ತಿಗಳು ಸಾವಿರ ವರ್ಷ ದಾಟಿ ಇಂದಿಗೂ ನಿಂತಿವೆ. ಮೂರೂವರೆ ಶತಮಾನವೂ ತುಂಬುವ ಮೊದಲೇ ಗುಂಡ್ಲುಪೇಟೆಯ ಕಗ್ಗಲ್ಲು ಅನಾಥವಾಯಿತು. ಜೀರ್ಣೋದ್ಧಾರವೆಂದರೆ ಕಂಬಗಳಿಗೆ ಬಣ್ಣ ಬಳಿಯುವುದು, ನೆಲಕ್ಕೆ ಹೊಳೆಯುವ ಹಾಸು ಹಾಕುವುದು ಎಂದು ಭಾವಿಸಿದವರು ಇದನ್ನು ಗಮನಿಸಬೇಕು. ಬೇರೂರಿದ ಗಿಡವನ್ನು ಕಿತ್ತು, ಮಳೆನೀರಿಗೆ ದಾರಿ ಮಾಡಿ, ಶಾಸನದ ಅಕ್ಷರ ಮುಚ್ಚದಂತೆ ಕಾದರೆ ಕಲ್ಲಿನ ಕೆಲಸ ಬಹುಪಾಲು ಮುಗಿಯಿತು. ಉಳಿದದ್ದು ಮನುಷ್ಯರ ಕೆಲಸ: ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆತರುವುದು, ಊರಿನ ಹಬ್ಬವೊಂದನ್ನು ಅಲ್ಲಿ ನಡೆಸುವುದು, ದಾರಿಯನ್ನು ತೆರವಾಗಿಡುವುದು.

ಗುಂಡ್ಲುಪೇಟೆಯ ದಾರಿಯಲ್ಲಿ ಬಂಡೀಪುರಕ್ಕೂ ಊಟಿಗೂ ದಿನವೂ ನೂರಾರು ವಾಹನಗಳು ಓಡುತ್ತವೆ. ಅವುಗಳಲ್ಲಿ ಹತ್ತಾದರೂ ಪರವಾಸುದೇವನ ಬಾಗಿಲಲ್ಲಿ ಅರೆಗಳಿಗೆ ನಿಂತರೆ, ಚಿಕ್ಕದೇವರಾಜನು ತಂದೆಗೆ ಸಲ್ಲಿಸಿದ ಋಣದಲ್ಲಿ ನಾವೂ ಪಾಲುಗೊಂಡಂತಾದೀತು.