ಕಚೇರಿಯ ಗಣಕಯಂತ್ರವೂ ಗಡಿನಾಡಿನ ಕನ್ನಡವೂ
(ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತರು ಗಣಕಯಂತ್ರದ ವಿಷಯವಾಗಿ ಮಾತನಾಡಲು ನಿಂತರೆ ಕೇಳುವವರಿಗೆ ನಗೆ ಬಂದರೂ ಬರಬಹುದು. ಆದರೆ ಅರ್ಜಿ, ಆದೇಶ, ಜಮೀನಿನ ದಾಖಲೆ, ಮಕ್ಕಳ ಅಂಕಪಟ್ಟಿ ಎಲ್ಲವೂ ಆ ಯಂತ್ರದ ಹೊಟ್ಟೆಯಲ್ಲಿಯೇ ಹುಟ್ಟುತ್ತಿರುವಾಗ, ಭಾಷೆಯ ಅಧ್ಯಾಪಕರಾದ ನಾವು ದೂರ ನಿಲ್ಲುವುದು ಸಲ್ಲದು.

1969ರ ಕೇರಳ ಆಡಳಿತ ಭಾಷಾ ಶಾಸನವು ಇಲ್ಲಿಯ ಕನ್ನಡಿಗರಿಗೂ ತಮಿಳರಿಗೂ ಒಂದು ಹಕ್ಕನ್ನು ಕೊಟ್ಟಿದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಎಡೆಯ ಸರಕಾರಿ ಕಚೇರಿಗಳೊಡನೆ ನಾವು ನಮ್ಮ ನುಡಿಯಲ್ಲಿಯೇ ಪತ್ರವ್ಯವಹಾರ ನಡೆಸಬಹುದು. ಉತ್ತರವೂ ಅದೇ ನುಡಿಯಲ್ಲಿ ಬರತಕ್ಕದ್ದು. ಕಾಗದ ಲೇಖನಿಗಳ ಕಾಲದಲ್ಲಿ ಇದಕ್ಕೆ ಕನ್ನಡ ಬಲ್ಲ ಒಬ್ಬ ಗುಮಾಸ್ತರಿದ್ದರೆ ಸಾಕಿತ್ತು. ಈಗ ಅವರ ಮುಂದಿರುವ ಯಂತ್ರವೂ ಕನ್ನಡ ಬಲ್ಲುದಾಗಿರಬೇಕು. ಅದಕ್ಕೆ ಕನ್ನಡ ಕಲಿಸುವ ಅಧಿಕಾರ ಯಾರದು?

ತಂತ್ರಾಂಶವೆಂದರೆ ಯಂತ್ರಕ್ಕೆ ಕೊಡುವ ಆಜ್ಞೆಗಳ ಮಾಲೆ. ವ್ಯಾಪಾರದ ತಂತ್ರಾಂಶದಲ್ಲಿ ಆ ಆಜ್ಞೆಗಳನ್ನು ಹಣ ಕೊಟ್ಟವರೂ ಸಾಮಾನ್ಯವಾಗಿ ಓದುವಂತಿಲ್ಲ, ತಿದ್ದುವಂತಿಲ್ಲ. ಬಳಸುವ ಅನುಮತಿ ಮಾತ್ರ ದೊರೆಯುತ್ತದೆ. ಮುಕ್ತ ತಂತ್ರಾಂಶದಲ್ಲಿ ಮೂಲವನ್ನು ಓದಬಹುದು, ತಿದ್ದಬಹುದು, ತಿದ್ದಿದುದನ್ನು ನೆರೆಹೊರೆಗೆ ಹಂಚಬಹುದು. ಮಾರುಕಟ್ಟೆಯ ಲೆಕ್ಕಕ್ಕೆ ಸಿಗದಷ್ಟು ಸಣ್ಣ ಸಮುದಾಯಕ್ಕೆ ಈ ಅನುಕೂಲ ಸಾಮಾನ್ಯವಾದುದಲ್ಲ.

ನಮ್ಮ ಅನುಭವವೊಂದನ್ನು ಹೇಳಬೇಕು. ಸಂಘದ ಹಳೆಯ ಸಂಚಿಕೆಯೊಂದರ ಲೇಖನಗಳನ್ನು ಈಚೆಗೆ ಗಣಕದಲ್ಲಿ ತೆರೆದೆವು. ಕಂಡದ್ದು ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಲಸಿದ ಅರ್ಥಹೀನ ಸಾಲುಗಳು. ಅಂದು ಬಳಸಿದ ಅಕ್ಷರಶೈಲಿಯು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿತ್ತು. ಅದಿಲ್ಲದ ಯಂತ್ರಕ್ಕೆ ನಮ್ಮ ಬರಹ ಕನ್ನಡವೇ ಅಲ್ಲ! ದಿವಂಗತರಾದ ಹಿರಿಯರೊಬ್ಬರ ಲೇಖನವನ್ನು ಮುದ್ರಿತ ಪ್ರತಿ ನೋಡಿ ಮತ್ತೆ ಅಕ್ಷರ ಜೋಡಿಸಬೇಕಾಯಿತು. ಜಮೀನಿನ ದಾಖಲೆಗೆ ಈ ಗತಿ ಒದಗಿದರೆ ಏನು ಮಾಡುವುದು?

1991ರಲ್ಲಿ ಹೊರಬಂದ ಯುನಿಕೋಡ್ ಸಂಕೇತದಲ್ಲಿ ಕನ್ನಡಕ್ಕೆ ಸ್ಥಾನವಿತ್ತು. ಅದನ್ನು ಇಂದು ವ್ಯಾಪಾರದ ತಂತ್ರಾಂಶಗಳೂ ಬಳಸುತ್ತವೆ, ಸುಳ್ಳಾಡಬಾರದು. ಆದರೆ ಅಕ್ಷರದಂತೆ ಕಡತದ ರಚನೆಯೂ ಬಹಿರಂಗವಾಗಿರಬೇಕು. 2006ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಓಪನ್ ಡಾಕ್ಯುಮೆಂಟ್ ರೂಪ ಅಂಥದು. ಲಿಬ್ರೆ ಆಫೀಸ್ ಎಂಬ ಮುಕ್ತ ತಂತ್ರಾಂಶ ಬರೆಯುವುದು ಅದರಲ್ಲಿಯೇ.

ಕಚೇರಿಗಳು ಹೀಗೆ ಬದಲಾಗುವುದು ಸುಲಭವೇ? ಜರ್ಮನಿಯ ಮ್ಯೂನಿಕ್ ನಗರಸಭೆ 2003ರಲ್ಲಿ ನಿರ್ಣಯಿಸಿ, 2013ರ ವೇಳೆಗೆ ಸುಮಾರು 15,000 ಗಣಕಗಳನ್ನು ಲಿನಕ್ಸಿಗೆ ಒಯ್ದಿತು. 2017ರಲ್ಲಿ ಹಿಂದಿರುಗಲು ತೀರ್ಮಾನಿಸಿತು. ಇತರ ಕಚೇರಿಗಳೊಡನೆ ಕಡತ ವಿನಿಮಯದ ತೊಡಕು, ನೌಕರರ ಅಸಮಾಧಾನ, ನಗರದ ನಾಯಕತ್ವ ಬದಲಾದುದು ಎಲ್ಲವೂ ಅಲ್ಲಿ ಸೇರಿದ್ದವು. ಅದೇ ದೇಶದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯವು 2024ರಲ್ಲಿ ಸುಮಾರು 30,000 ಗಣಕಗಳನ್ನು ಲಿಬ್ರೆ ಆಫೀಸಿಗೆ ಬದಲಾಯಿಸುವುದಾಗಿ ಸಾರಿತು. ತರಬೇತಿಗೂ ನಿರ್ವಹಣೆಗೂ ಹಣ ಬೇಕೇ ಬೇಕು. ಮುಕ್ತವೆಂದರೆ ಪುಕ್ಕಟೆಯೆಂದು ತಿಳಿದು ಹೊರಟವರು ದಾರಿಯಲ್ಲಿ ಕುಳಿತುಕೊಳ್ಳುತ್ತಾರೆ.

ಅಷ್ಟು ದೂರ ಹೋಗುವುದೂ ಬೇಡ. ಕೇರಳದ ಐಟಿ@ಸ್ಕೂಲ್ ಯೋಜನೆ, 2017ರಿಂದ ಕೈಟ್ ಎಂಬ ಸಂಸ್ಥೆ, ಸರಕಾರಿ ಶಾಲೆಗಳನ್ನು ಮುಕ್ತ ತಂತ್ರಾಂಶಕ್ಕೆ ತಂದಿತು. ರಾಜ್ಯದ 2007ರ ಮಾಹಿತಿ ತಂತ್ರಜ್ಞಾನ ನೀತಿ ಅದಕ್ಕೆ ಒತ್ತಾಸೆಯಾಯಿತು. ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಕನ್ನಡದ ಪಠ್ಯಪುಸ್ತಕ ಹಿಡಿದು ಅದನ್ನೇ ಕಲಿಯುತ್ತಿದ್ದಾರೆ. ಮಲಯಾಳದ ಬಂಧುಗಳು 2002ರಿಂದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಎಂಬ ಸ್ವಯಂಸೇವಕರ ಕೂಟ ಕಟ್ಟಿ ಮೀರ, ರಚನ, ಮಂಜರಿ ಮುಂತಾದ ಅಕ್ಷರಶೈಲಿಗಳನ್ನು ಬೆಳೆಸಿದರು. ಅವರ ನುಡಿ ಯಂತ್ರದಲ್ಲಿ ಚೆಲುವಾಗಿ ಕಾಣುವುದು ಆ ದುಡಿಮೆಯಿಂದಲೂ ಹೌದು. ನಾವೋ, ಹಕ್ಕೊತ್ತಾಯದ ಮನವಿಗಳನ್ನು ಬರೆದಷ್ಟು ಈ ಕೆಲಸ ಮಾಡಲಿಲ್ಲ. ಇದು ನಮ್ಮ ಮೇಲಿನ ದೂರು, ಅನ್ಯರ ಮೇಲಲ್ಲ.

ಲಿಬ್ರೆ ಆಫೀಸಿನ ಕನ್ನಡ ಅನುವಾದ ಇನ್ನೂ ಪೂರ್ಣವಾಗಿಲ್ಲ. ಅದನ್ನು ಮುಂದುವರಿಸಲು ಯಾರ ಅಪ್ಪಣೆಯೂ ಬೇಕಿಲ್ಲ. 'ಕಡತ'ವೆನ್ನಬೇಕೋ 'ಫೈಲು' ಎನ್ನಬೇಕೋ ಎಂದು ನಮ್ಮ ಅಧ್ಯಾಪಕ ಮಿತ್ರರು ಜಗಳವಾಡಲಿ, ಸಂತೋಷವೇ. ಮುಂದಿನ ಭಾನುವಾರ ಮಧ್ಯಾಹ್ನ ಸಂಘದ ವಾಚನಾಲಯದಲ್ಲಿ ಮೊದಲ ನೂರು ಪದಗಳನ್ನು ಹಿಡಿದು ಕುಳಿತುಕೊಳ್ಳುತ್ತೇವೆ. ಹತ್ತನೆಯ ತರಗತಿಯ ಇಬ್ಬರು ಮಕ್ಕಳು ಗಣಕದ ಮುಂದಿರಲು ಒಪ್ಪಿದ್ದಾರೆ. ನಿಘಂಟು ಇರುವವರು ತರುವುದು.